ದಪ್ಪ ಗೆರೆಯ ಮುಂದೆ ನಿಂತವರು

ನಮ್ಮ ಸರ್ ತೀರಿಕೊಂಡು ಹದಿನೈದು ದಿನ ಆಯಿತು. ನಾಡಿದ್ದು ಶನಿವಾರ ಮೂಡುಬಿದಿರೆಯ ನಮ್ಮ ಕಾಲೇಜಿನಲ್ಲಿ ನುಡಿನಮನ ಇಟ್ಟಿದ್ದಾರೆ. ಪ್ರಾಂಶುಪಾಲರು ನನ್ನನ್ನು ಕರೆದು, "ಮೇಡಂ, ನೀವು ಅವರ ಸ್ಟೂಡೆಂಟೂ ಹೌದು, ಕಲೀಗೂ ಹೌದು. ಎರಡು ಒಳ್ಳೆ ಮಾತು ಹೇಳಿಬಿಡಿ" ಎಂದರು. ಎರಡು ಒಳ್ಳೆಯ ಮಾತಿಗಾಗಿ ಒಂದು ವಾರ ತಡಕಾಡಿದೆ. ಒಂದು ಸಿಕ್ಕಿತು: ಅವರ ಅಕ್ಷರ ಚೆಂದ ಇತ್ತು. ಎರಡನೆಯದನ್ನು ಹುಡುಕಲು ಹೊರಟು ಇದನ್ನು ಬರೆಯಬೇಕಾಯಿತು.

ಅವರು ಮುಂಡಾಜೆ ಕಡೆಯವರು. ಸಪೂರ ಆಳು. ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಯಾವಾಗಲೂ ಒಂದು ಸ್ಟೀಲ್ ಅಡಿಪಟ್ಟಿ. ಕಾಲೇಜಿನ ಸೀಮೆಸುಣ್ಣ ಗೆರೆ ಎಳೆಯುವಾಗ ಮುರಿಯುತ್ತದೆಂದು ತಮ್ಮದೇ ಸೀಮೆಸುಣ್ಣವನ್ನು ಹಳೆಯ ತಿಂಡಿ ಡಬ್ಬಿಯಲ್ಲಿ ಹಾಕಿ ಮನೆಯಿಂದ ತರುತ್ತಿದ್ದರು. ಸ್ವರ ಏರಿಸಿದ್ದನ್ನು ನಾನು ಕೇಳಿಲ್ಲ. ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. "ನೀವು ದಡ್ಡರು" ಎನ್ನುವಾಗ ಕೂಡ ಬಹುವಚನವೇ. ಬೈಗುಳಕ್ಕೆ ಇಷ್ಟು ಮರ್ಯಾದೆ ಸೇರಿದರೆ ಅದು ಎಷ್ಟು ಉರಿಯುತ್ತದೆ ಎಂದು ಅವರ ತರಗತಿಯಲ್ಲಿ ಕೂತವರಿಗೆ ಮಾತ್ರ ಗೊತ್ತು. ನನ್ನ ಪಕ್ಕದ ಹುಡುಗಿ ಒಮ್ಮೆ ಉತ್ತರ ತೋಚದೆ ತುಳುವಿನಲ್ಲಿ ತಡವರಿಸಿದಳು. ಸರ್ ಮೆಲ್ಲಗೆ ಹೇಳಿದರು, "ತುಳುವಿನಲ್ಲಿ ಅಳಬಹುದು. ಅದಕ್ಕೆ ನನ್ನದು ಅಡ್ಡಿ ಇಲ್ಲ. ಉತ್ತರ ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಕೊಡಿ." ಅವಳು ತುಳುವಿನಲ್ಲೇ ಅತ್ತಳು. ತಮ್ಮ ಮನೆಯಲ್ಲಿ ಅವರು ಮಾತಾಡುತ್ತಿದ್ದದ್ದೂ ತುಳುವೇ.

ಅವರು ಕಲಿಸುತ್ತಿದ್ದದ್ದು ಕೆಲಸದ ಚಿತ್ರ ಬರೆಯುವುದನ್ನು. ನಮ್ಮ ಪುಸ್ತಕದಲ್ಲಿ ಅದರ ಹೆಸರು ಆಕ್ಟಿವಿಟಿ ಡಯಾಗ್ರಂ. ಒಂದು ಕೆಲಸ ಎಲ್ಲಿ ಶುರುವಾಗುತ್ತದೆ, ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಗೆರೆ ಎಳೆದು ತೋರಿಸುವ ವಿದ್ಯೆ. ಶುರುವಿಗೆ ಒಂದು ಕಪ್ಪು ಚುಕ್ಕೆ. ಮಾಡುವ ಪ್ರತಿ ಕೆಲಸಕ್ಕೆ ಒಂದು ಚೌಕ. ಹೌದೋ ಅಲ್ಲವೋ ಎಂದು ಕೇಳುವಲ್ಲಿ ವಜ್ರದ ಆಕಾರ. ಎರಡು ಕೆಲಸ ಒಟ್ಟೊಟ್ಟಿಗೆ ನಡೆಯಬೇಕಾದರೆ ಒಂದು ದಪ್ಪ ಗೆರೆ, ಅವೆರಡೂ ಮುಗಿಯುವವರೆಗೆ ಕಾಯಬೇಕಾದರೆ ಇನ್ನೊಂದು ದಪ್ಪ ಗೆರೆ. ಕೊನೆಗೆ ವೃತ್ತದೊಳಗೊಂದು ಚುಕ್ಕೆ. ಇಷ್ಟೇ ವಿದ್ಯೆ. ಇಷ್ಟನ್ನೇ ಇಟ್ಟುಕೊಂಡು ಅವರು ಇಪ್ಪತ್ತೆಂಟು ವರ್ಷ ಮಕ್ಕಳನ್ನು ಹುರಿದು ಮುಕ್ಕಿದರು.

ವಜ್ರ ಮತ್ತು ದಪ್ಪ ಗೆರೆಯ ವ್ಯತ್ಯಾಸವನ್ನು ಅವರು ಹೇಳುತ್ತಿದ್ದ ರೀತಿ ಈಗಲೂ ಕಿವಿಯಲ್ಲಿದೆ. "ಮದುವೆ ಮನೆಯಲ್ಲಿ ಒಬ್ಬ ಅನ್ನ ಬೇಯಿಸ್ತಾನೆ, ಇನ್ನೊಬ್ಬ ಸಾಂಬಾರು ಮಾಡ್ತಾನೆ. ಎರಡೂ ಆಗದೆ ಪಂಕ್ತಿ ಕೂರಿಸ್ಲಿಕ್ಕೆ ಆಗುವುದಿಲ್ಲ. ಅಲ್ಲಿ ದಪ್ಪ ಗೆರೆ ಹಾಕಿ, ಇಬ್ಬರಿಗೂ ಕಾಯಿರಿ. ಆದರೆ ಪುಂಜಾಲಕಟ್ಟೆಯಿಂದ ಬಿ.ಸಿ.ರೋಡಿಗೆ ಬರುವ ಬಸ್ಸು ಒಂದೋ ಬಂಟ್ವಾಳ ಪೇಟೆಯ ಒಳಗಿಂದ ಬರ್ತದೆ, ಇಲ್ಲದಿದ್ದರೆ ಬೈಪಾಸಿನಲ್ಲಿ ಬರ್ತದೆ. ಎರಡೂ ದಾರಿಯಲ್ಲಿ ಬಂದ ಬಸ್ಸು ಈ ಲೋಕದಲ್ಲಿ ಇಲ್ಲ. ಅಲ್ಲಿ ನೀವು ದಪ್ಪ ಗೆರೆ ಹಾಕಿದರೆ ಎಂತ ಆಗ್ತದೆ? ಪೇಟೆಯಿಂದ ಬಂದ ಬಸ್ಸು ಬೈಪಾಸಿನ ಬಸ್ಸಿಗೆ ಕಾಯ್ತಾ ನಿಲ್ತದೆ. ಅದು ಹೊರಟೇ ಇಲ್ಲ. ಇದು ನಿಂತೇ ಇರ್ತದೆ. ಒಳಗೆ ಕೂತವರು ಮುದುಕರಾಗ್ತಾರೆ." ಇಡೀ ತರಗತಿ ನಗುತ್ತಿತ್ತು. ಅವರು ನಗುತ್ತಿರಲಿಲ್ಲ.

ಆ ತಪ್ಪು ಮಾಡಿದವರಿಗೆ ಅವರದೇ ಒಂದು ಶಿಕ್ಷೆ ಇತ್ತು. ಲ್ಯಾಬಿನ ನೆಲದ ಮೇಲೆ ನಿಮ್ಮ ಚಿತ್ರವನ್ನು ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದು ನಿಮ್ಮನ್ನು ಅದರ ಮೇಲೆ ನಡೆಸುತ್ತಿದ್ದರು. ಬಾಣ ಇದ್ದಲ್ಲಿಗೆ ಹೋಗಬೇಕು, ಬಾಣ ಇಲ್ಲದಿದ್ದರೆ ನಿಲ್ಲಬೇಕು. ದಪ್ಪ ಗೆರೆ ತಪ್ಪಿದ್ದರೆ ಬಾರದವರಿಗೆ ಕಾಯುತ್ತ ಬೆಲ್ ಹೊಡೆಯುವವರೆಗೆ ನಿಲ್ಲಬೇಕು. ವಿಟ್ಲದ ಒಬ್ಬ ಹುಡುಗ ಹೀಗೆ ನಿಂತು ತಲೆ ತಿರುಗಿ ಬಿದ್ದ. ಸರ್ ಅವನ ಮುಖಕ್ಕೆ ನೀರು ಹಾಕಿಸಿ, ಎದ್ದ ಮೇಲೆ ಅದೇ ಗೆರೆಯ ಮುಂದೆ ನಿಲ್ಲಿಸಿದರು. "ನೀವು ಬಿದ್ದ ಕೂಡಲೇ ಚಿತ್ರ ಸರಿಯಾಗುವುದಿಲ್ಲವಲ್ಲ" ಎಂದರು.

ನನ್ನನ್ನು ನಿಲ್ಲಿಸಿದ್ದು ಬೀಡಿಯ ಚಿತ್ರಕ್ಕೆ. ಮನೆಯಲ್ಲಿ ನಡೆಯುವ ಒಂದು ಕೆಲಸದ ಚಿತ್ರ ತನ್ನಿ ಎಂದಿದ್ದರು. ಪುಂಜಾಲಕಟ್ಟೆಯ ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದು ಒಂದೇ ಕೆಲಸ, ಅಮ್ಮನ ಬೀಡಿ. ಎಲೆ ನೆನೆಸು, ಕತ್ತರಿಸು, ತಂಬಾಕು ತುಂಬಿ ಸುತ್ತು, ನೂಲು ಕಟ್ಟು, ಕಟ್ಟು ಮಾಡು, ಬೀಡಿ ಬ್ರಾಂಚಿಗೆ ಒಯ್ಯಿ. ಕಂಪೆನಿಯವರು ಬೀಡಿ ನೋಡಿ, ಎಣಿಸಿ ತೆಗೆದುಕೊಳ್ಳುವ ಆ ಬ್ರಾಂಚಿನಲ್ಲಿ ಒಂದು ವಜ್ರ: ಬೀಡಿ ಚೆನ್ನಾಗಿದೆಯೋ? ಹೌದು ಎಂದರೆ ಲೆಕ್ಕಕ್ಕೆ. ಅಲ್ಲ ಎಂಬ ಕಡೆಗೆ ನಾನು ಬಾಣವನ್ನೇ ಎಳೆದಿರಲಿಲ್ಲ. ಸರ್ ನನ್ನನ್ನು ಆ ವಜ್ರದ ಮೂಲೆಯಲ್ಲಿ ನಿಲ್ಲಿಸಿದರು.

"ಈಗ ನೀವು ಒಂದು ಬೀಡಿ. ಚೆನ್ನಾಗಿಲ್ಲ ಅಂತ ಹೇಳಿ ಆಗಿದೆ. ಎಲ್ಲಿಗೆ ಹೋಗ್ತೀರಿ?"

ಅರವತ್ತು ಜನ ನೋಡುತ್ತಿದ್ದರು. ಅಮ್ಮ ಬೀಡಿ ಕಟ್ಟುತ್ತಾಳೆ ಎಂದು ಅಷ್ಟರವರೆಗೆ ಅವರಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಮುಕ್ಕಾಲು ಗಂಟೆ ನಿಂತೆ. ಕೊನೆಗೆ ಹೇಳಿಬಿಟ್ಟೆ, "ಬ್ರಾಂಚಿನವರೇ ಇಟ್ಟುಕೊಳ್ತಾರೆ ಸರ್. ಅಮ್ಮನಿಗೆ ವಾಪಸ್ ಕೊಡುವುದಿಲ್ಲ. ಲೆಕ್ಕಕ್ಕೂ ಹಿಡಿಯುವುದಿಲ್ಲ."

ಸರ್ ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟರು. "ಹಾಗಾದರೆ ಅದನ್ನು ಎಳೆಯಿರಿ. ನಾಚಿಕೆಯಿಂದ ಬಾಣ ಎಳೆಯದೆ ಬಿಟ್ಟವರ ಚಿತ್ರವನ್ನು ನಾನು ನಂಬುವುದಿಲ್ಲ." ನಾನು ನೆಲದ ಮೇಲೆ ಕೂತು ಆ ಬಾಣವನ್ನು ಎಳೆದೆ. ಆ ದಿನ ಅವರನ್ನು ಎಷ್ಟು ದ್ವೇಷಿಸಿದೆ ಎಂದರೆ, ಮನೆಗೆ ಹೋಗುವ ಬಸ್ಸಿನಲ್ಲಿ ಅವರು ಸತ್ತ ಹಾಗೆ ಕಲ್ಪಿಸಿಕೊಂಡು ಸಮಾಧಾನ ಮಾಡಿಕೊಂಡೆ. ಆದರೆ ಅಂದಿನಿಂದ ಇಂದಿನವರೆಗೆ ನಾನು ಒಂದು ಬಾಣವನ್ನೂ ಎಳೆಯದೆ ಬಿಟ್ಟದ್ದಿಲ್ಲ. ಇದನ್ನೂ ಹೇಳಬೇಕು, ಇಲ್ಲದಿದ್ದರೆ ಸುಳ್ಳಾಗುತ್ತದೆ.

ನಾನು ಓದು ಮುಗಿಸಿ, ಬೇರೆಲ್ಲೋ ಎರಡು ವರ್ಷ ಇದ್ದು, ಅದೇ ವಿಭಾಗಕ್ಕೆ ಉಪನ್ಯಾಸಕಿಯಾಗಿ ಬಂದೆ. ಅಷ್ಟರಲ್ಲಿ ಸರ್ ವಿಭಾಗದ ಮುಖ್ಯಸ್ಥರಾಗಿದ್ದರು. "ಬನ್ನಿ" ಎಂದರು, ಮೂಲೆಯ ಮೇಜು ತೋರಿಸಿದರು, ಅಷ್ಟೇ. ಬೀಡಿಯನ್ನು ಮಾತ್ರ ಮರೆತಿರಲಿಲ್ಲ. ಮೀಟಿಂಗಿನಲ್ಲಿ ನಾನು ಏನಾದರೂ ತಡವರಿಸಿದರೆ, "ಮೇಡಂ ಇನ್ನೂ ಬ್ರಾಂಚಿನಲ್ಲೇ ನಿಂತಿದ್ದಾರೆ" ಎನ್ನುತ್ತಿದ್ದರು. ಉಳಿದವರು ನಗುತ್ತಿದ್ದರು. ನಾನೂ ಹಲ್ಲು ಕಿರಿಯುತ್ತಿದ್ದೆ, ಏನು ಮಾಡುವುದು, ಇನ್ನೂ ಕೆಲಸ ಖಾಯಂ ಆಗಿರಲಿಲ್ಲ.

ಅವರ ಮಗಳ ಮದುವೆಯ ಮುಂಚಿನ ದಿನ ಮನೆಗೆ ಹೋಗಿದ್ದೆ. ಅಡುಗೆಮನೆಯ ಬಾಗಿಲಿಗೆ ಇಡೀ ಮದುವೆಯ ಚಿತ್ರ ಅಂಟಿಸಿದ್ದರು. ಯಾರ ಕೆಲಸ ಯಾವುದೆಂದು ತಿಳಿಯಲು ಒಬ್ಬೊಬ್ಬರಿಗೆ ಒಂದೊಂದು ಉದ್ದ ಸಾಲು. ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ನನಗೆ ತೋರಿಸಿದರು. "ನನ್ನ ಸಾಲಿನಲ್ಲಿ ಎಷ್ಟು ಚೌಕ ಉಂಟು ನೋಡು ಮಾರಾಯ್ತಿ. ನಲವತ್ತೊಂದು. ಇನ್ನು ಇವರ ಸಾಲು ನೋಡು. ಎರಡೇ. 'ಪರಿಶೀಲಿಸು', 'ಒಪ್ಪು'." ಆಮೇಲೆ ಸ್ವರ ತಗ್ಗಿಸಿ, "ಮೂವತ್ತು ವರ್ಷ ಆಯ್ತು, ಒಂದು ಸಲ ಕೂಡ ನಂದು ತಪ್ಪಾಯ್ತು ಹೇಳಿದವರಲ್ಲ" ಎಂದರು. ನಾನು ಆ ಮಾತನ್ನು ಜೋಪಾನವಾಗಿ ಇಟ್ಟುಕೊಂಡೆ.

ಅದಾಗಿ ಸ್ವಲ್ಪ ಸಮಯಕ್ಕೆ ಕಾಲೇಜಿನವರು ಹಾಲ್ ಟಿಕೆಟ್ ಕೊಡುವ ಕ್ರಮವನ್ನು ಸರಿ ಮಾಡಿಕೊಡಿ ಎಂದು ಸರ್‌ಗೆ ವಹಿಸಿದರು. ಅವರು ಚಿತ್ರ ಬರೆದರು. ಅದಕ್ಕೆ ಚೌಕಟ್ಟು ಹಾಕಿಸಿ, ಗಾಜು ಹಾಕಿಸಿ, ಆಫೀಸಿನ ಹೊರಗೆ ಬೆಂಚಿನ ಮೇಲಿನ ಗೋಡೆಗೆ ತೂಗುಹಾಕಿದರು. ನಾನು ಮೊದಲ ದಿನವೇ ನಿಂತು ನೋಡಿದೆ. ಮೇಲಿನಿಂದ ಕೆಳಗಿನವರೆಗೆ ಎಲ್ಲ ಚೆಂದ. ಕೆಳಗೆ ಬಲಬದಿಯಲ್ಲಿ ಒಂದು ಕಡೆ ನನ್ನ ಕಣ್ಣು ನಿಂತಿತು.

ಹಾಜರಿ ಕಡಿಮೆ ಇದ್ದ ಮಕ್ಕಳಿಗೆ ಅಲ್ಲಿ ಒಂದು ವಜ್ರ ಇತ್ತು. ಕಾರಣ ಕಾಯಿಲೆಯೋ, ಕ್ರೀಡೆಯೋ? ಕಾಯಿಲೆ ಆದರೆ ವೈದ್ಯರ ಪತ್ರ ನೋಡಿ ತರಗತಿ ಉಸ್ತುವಾರಿಯವರ ಒಪ್ಪಿಗೆ. ಕ್ರೀಡೆ ಆದರೆ ಆಟದ ಮಾಸ್ಟರರ ಒಪ್ಪಿಗೆ. ಅಲ್ಲಿಂದ ಎರಡು ಬಾಣಗಳೂ ಕೆಳಗಿಳಿದು ಬಂದು ಸೇರುತ್ತಿದ್ದದ್ದು ಒಂದು ದಪ್ಪ ಗೆರೆಗೆ. ಅಯ್ಯೋ ದೇವರೇ! ಬೈಪಾಸಿನ ಬಸ್ಸಿಗೆ ಪೇಟೆಯ ಬಸ್ಸು ಕಾಯುವ ಅದೇ ತಪ್ಪು. ಕಾಯಿಲೆ ಬಿದ್ದವಳು ಆಟದ ಮಾಸ್ಟರರ ಒಪ್ಪಿಗೆಗೆ ಕಾಯಬೇಕು, ಅದು ಯಾವತ್ತೂ ಬರುವುದಿಲ್ಲ. ಯಾವ ತಪ್ಪಿಗೆ ವಿಟ್ಲದ ಹುಡುಗನನ್ನು ತಲೆ ತಿರುಗುವವರೆಗೆ ನಿಲ್ಲಿಸಿದ್ದರೋ ಅದನ್ನೇ ಗಾಜಿನೊಳಗೆ ಹಾಕಿ ತೂಗುಹಾಕಿದ್ದರು.

ನಾನು ಹೇಳಲಿಲ್ಲ. ಹೆದರಿಕೆಯಿಂದ ಅಲ್ಲ. ಖುಷಿಯಿಂದ. ಆ ತಪ್ಪು ನನ್ನ ಸ್ವಂತ ಆಸ್ತಿ ಎಂಬ ಹಾಗೆ ಇಟ್ಟುಕೊಂಡೆ. ಅವರು ಬೀಡಿ ಎಂದಾಗಲೆಲ್ಲ ನಾನು ಮನಸ್ಸಿನಲ್ಲಿ ಆ ಗೋಡೆಯ ಹತ್ತಿರ ಹೋಗಿ ಬರುತ್ತಿದ್ದೆ.

ಮೂರು ವರ್ಷ ಯಾರಿಗೂ ಏನೂ ಆಗಲಿಲ್ಲ. ಆಫೀಸಿನಲ್ಲಿ ಒಬ್ಬರು ಹಳೆಯ ಗುಮಾಸ್ತರಿದ್ದರು. ಕಾಯಿಲೆಯ ಪತ್ರ ಇದ್ದರೆ ಸಾಕು, ಹಾಲ್ ಟಿಕೆಟ್ ಕೊಟ್ಟುಬಿಡುತ್ತಿದ್ದರು. ಚಿತ್ರದ ಕಡೆ ತಲೆ ಎತ್ತಿ ನೋಡಿದವರೂ ಅಲ್ಲ. ಆಮೇಲೆ ಎಲ್ಲವೂ ಕಂಪ್ಯೂಟರಿನಲ್ಲೇ ಆಗಲಿ ಎಂದಾಯಿತು. ಪ್ರೋಗ್ರಾಂ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸರ್ ಚಿತ್ರದ ಪ್ರತಿ ಕೊಟ್ಟು, "ಚಿತ್ರದಲ್ಲಿ ಇದ್ದ ಹಾಗೆಯೇ ಬರಬೇಕು. ನಿಮ್ಮ ಬುದ್ಧಿ ಒಂದು ಗೆರೆಯಷ್ಟೂ ಸೇರಿಸಬೇಡಿ" ಎಂದರು.

"ಆಗ್ಲಿ ಸರ್, ಇದ್ದ ಹಾಗೆಯೇ ಮಾಡ್ತೇನೆ" ಎಂದೆ. ಮಾಡಿದೆ. ದಪ್ಪ ಗೆರೆಯನ್ನೂ ಇದ್ದ ಹಾಗೆಯೇ ಮಾಡಿದೆ. ಪರೀಕ್ಷೆಯ ಮುಂಚಿನ ದಿನ ಸಂಜೆ ಐದಕ್ಕೆ ಹಾಲ್ ಟಿಕೆಟ್ ಸಿಕ್ಕವರ ಪಟ್ಟಿ ತಾನಾಗಿ ಮುಚ್ಚಬೇಕು, ಆಮೇಲೆ ಪ್ರಾಂಶುಪಾಲರಿಗೂ ತೆರೆಯಲು ಬರಬಾರದು ಎಂಬುದು ಸರ್ ಹಾಕಿದ ನಿಯಮ. ಅದನ್ನೂ ಮಾಡಿದೆ. ಒಂದು ದಿನ ಯಾರಾದರೂ ಸಿಕ್ಕಿಬೀಳುತ್ತಾರೆ, ಎಲ್ಲರೆದುರು ಸರ್ ಮುಖ ಇಂಗು ತಿಂದ ಮಂಗನ ಹಾಗಾಗುತ್ತದೆ, ನಾನು ಐದು ನಿಮಿಷದಲ್ಲಿ ಸರಿ ಮಾಡುತ್ತೇನೆ. ಇಷ್ಟೇ ನನ್ನ ಲೆಕ್ಕಾಚಾರ.

ಸಿಕ್ಕಿಬಿದ್ದದ್ದು ಬೆಳ್ತಂಗಡಿಯ ಒಬ್ಬಳು ಹುಡುಗಿ. ಕೊನೆಯ ವರ್ಷದವಳು. ಜಾಂಡೀಸ್ ಆಗಿ ಒಂದೂವರೆ ತಿಂಗಳು ಮಲಗಿದ್ದಳು. ಆ ಸಲ ಹಾಜರಿ ಕಡಿಮೆ ಇದ್ದವಳು ಅವಳೊಬ್ಬಳೇ. ವೈದ್ಯರ ಪತ್ರ ಕೊಟ್ಟಳು, ಒಪ್ಪಿಗೆಯೂ ಬಂತು. ಆದರೂ ಹಾಲ್ ಟಿಕೆಟ್ ಬರಲಿಲ್ಲ. ಪರದೆಯಲ್ಲಿ "ಇನ್ನೊಂದು ಒಪ್ಪಿಗೆ ಬಾಕಿ" ಎಂದು ಬರುತ್ತಿತ್ತು.

ಗುಮಾಸ್ತರು ಕೈ ಚೆಲ್ಲಿದರು. "ಮುಂಚೆ ಆದ್ರೆ ನಾನೇ ಕೊಡ್ತಿದ್ದೆ ಮಗಾ. ಈಗ ನನ್ನ ಕೈಯಲ್ಲಿ ಎಂತದೂ ಇಲ್ಲ. ಸರ್ ಹತ್ರ ಕೇಳು."

ಅವಳು ಸರ್ ಹತ್ತಿರ ಹೋದಳು. ನಾನು ಮೂಲೆಯ ಮೇಜಿನಲ್ಲೇ ಇದ್ದೆ. "ಬಾಕಿ ಅಂತ ಬಂದರೆ ನಿಮ್ಮ ಕಾಗದ ಏನೋ ಬಾಕಿ ಉಂಟು" ಎಂದರು ಸರ್.

"ಎಲ್ಲ ಕೊಟ್ಟಿದ್ದೇನೆ ಸರ್. ಒಮ್ಮೆ ನೋಡ್ತೀರಾ?"

"ನನ್ನ ಚಿತ್ರದಲ್ಲಿ ತಪ್ಪಿಲ್ಲ. ಕಾಯಿರಿ."

ಅವಳು ಹೊರಗೆ ಬೆಂಚಿನ ಮೇಲೆ ಕೂತಳು, ಅದೇ ಚಿತ್ರದ ಅಡಿಯಲ್ಲಿ. ಮೊದಲ ದಿನ ಕಾದಳು. ಎರಡನೆಯ ದಿನ ಕಾದಳು. ನನ್ನನ್ನು ಕಂಡು ಎದ್ದು ನಿಂತು ಹೇಳಿದಳು, "ಮೇಡಂ, ಅಣ್ಣ ಹೇಳಿ ಆಗಿದೆ. ಈ ಸಲ ಮುಗಿಯದಿದ್ರೆ ಓದು ಸಾಕು, ಮನೆಗೆ ಬಾ ಅಂತ. ಒಂದು ವರ್ಷ ಮತ್ತೆ ಕಳಿಸುವವರಲ್ಲ ಅವರು. ನೀವು ಸರ್‌ಗೆ ಒಂದು ಮಾತು ಹೇಳಿ ಮೇಡಂ." ಅವಳ ಕಣ್ಣಿನ ಬಿಳಿಯಲ್ಲಿ ಹಳದಿ ಇನ್ನೂ ಪೂರ್ತಿ ಹೋಗಿರಲಿಲ್ಲ. "ನೋಡುವ, ಆಗ್ತದೆ" ಎಂದೆ. ಹೇಳಬೇಕಾದ್ದು ಒಂದೇ ವಾಕ್ಯ. ಅದಕ್ಕೆ ಬದಲಾಗಿ ಸರ್ ಎದ್ದು ಬಂದು ಚಿತ್ರ ನೋಡಲಿ, ತಾವೇ ಕಂಡುಹಿಡಿದು ನನ್ನನ್ನು ಕರೆಯಲಿ ಎಂದು ನಾನು ಕಾದೆ. ಅವರು ಅವಳ ಕಾಗದಕ್ಕೆ ಕಾದರು. ಅವಳು ನಮ್ಮಿಬ್ಬರಿಗೂ ಕಾದಳು.

ಮೂರನೆಯ ದಿನ, ಪಟ್ಟಿ ಮುಚ್ಚುವ ದಿನ, ನಾಲ್ಕೂವರೆಗೆ ಹೊರಗೆ ಬಂದೆ. ಅವಳು ಬೆವರಿದ್ದಳು. ನನ್ನ ನೀರಿನ ಬಾಟಲಿ ಕೊಟ್ಟೆ. ಅರ್ಧ ಕುಡಿದು, ಬಾಯಿ ಒರೆಸಿ, "ಥ್ಯಾಂಕ್ಸ್ ಮೇಡಂ" ಎಂದಳು. ಇನ್ನೂ ಅರ್ಧ ಗಂಟೆ ಇದೆ, ನಾಲ್ಕೂ ಐವತ್ತಕ್ಕೆ ನಾನೇ ಹೋಗಿ ಹೇಳುತ್ತೇನೆ, ಕೊನೇ ಗಳಿಗೆಯಲ್ಲಿ ಹೇಳಿದರೆ ಅವರಿಗೆ ಚೆನ್ನಾಗಿ ತಾಗುತ್ತದೆ ಎಂದುಕೊಂಡೆ. ಇದನ್ನು ಬರೆಯುವಾಗ ನನ್ನ ಮುಖಕ್ಕೆ ನಾನೇ ಉಗಿಯಬೇಕು ಎನಿಸುತ್ತದೆ. ನಾಲ್ಕೂ ನಲವತ್ತಕ್ಕೆ ನನ್ನನ್ನು ಪರೀಕ್ಷಾ ಕೊಠಡಿಗಳ ಡ್ಯೂಟಿ ಹಂಚಲು ಕರೆದರು. ಅಲ್ಲಿ ಮಾತಿಗೆ ಮಾತು ಬೆಳೆಯಿತು. ಗಡಿಯಾರ ನೋಡಿದಾಗ ಐದು ದಾಟಿ ಆರು ನಿಮಿಷ.

ಓಡಿ ಬಂದೆ. ಬೆಂಚು ಖಾಲಿ. ಸರ್ ಗೋಡೆಯೆದುರು ನಿಂತಿದ್ದರು, ಅಡಿಪಟ್ಟಿಯ ತುದಿ ಗಾಜಿನ ಮೇಲೆ, ಆ ದಪ್ಪ ಗೆರೆಯ ಮೇಲೆ ಇತ್ತು. ಪಟ್ಟಿ ಮುಚ್ಚಿದ ಮೇಲೆ ಹುಡುಗಿ ಅಳದೆ, ಮಾತಾಡದೆ, ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳಂತೆ. ಅದನ್ನು ತಾಳಲಾರದೆ ಸರ್ ಎದ್ದು ಬಂದು ಚಿತ್ರ ನೋಡಿದ್ದರು. ನನ್ನ ಕಡೆ ತಿರುಗಲೂ ಇಲ್ಲ, ನೇರ ಪ್ರಾಂಶುಪಾಲರ ಕೋಣೆಗೆ ಹೋದರು. ನಾನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ. "ನಂದು ತಪ್ಪಾಯ್ತು. ದಯವಿಟ್ಟು ಒಂದು ಹೆಸರು ಸೇರಿಸಿ" ಎನ್ನುತ್ತಿದ್ದರು. ಎರಡು ಸಲ, ಮೂರು ಸಲ ಅಂದರು. ಅವರ ಹೆಂಡತಿ ಮೂವತ್ತು ವರ್ಷ ಕಾದ ಮಾತನ್ನು ಹೀಗೆ ನಾನು ಕೇಳಿದೆ. ಆಗಿನ ಪ್ರಾಂಶುಪಾಲರು, "ಐದರ ಮೇಲೆ ತೆರೀಬಾರದು ಅಂತ ನೀವೇ ಅಲ್ವಾ ಸರ್ ಮಾಡಿದ್ದು? ನಾಳೆ ಬೇರೆಯವರೂ ಬರ್ತಾರೆ" ಎಂದರು. ಅಲ್ಲಿಗೆ ಮುಗಿಯಿತು.

ಹೊರಗೆ ಬಂದು ನನ್ನೆದುರು ನಿಂತರು.

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು ಸರ್."

"ಯಾವಾಗಿನಿಂದ?"

"ನೀವು ಗೋಡೆಗೆ ಹಾಕಿದ ದಿನದಿಂದ."

ಅವರು ಅಡಿಪಟ್ಟಿಯನ್ನು ಜೇಬಿಗೆ ಹಾಕಿಕೊಂಡರು. ಅದು ಎರಡು ಸಲ ಜೇಬು ತಪ್ಪಿತು. "ನಾಳೆ ರಾಜೀನಾಮೆ ಕೊಡ್ತೇನೆ. ತಪ್ಪು ನನ್ನದೊಬ್ಬನದೇ ಅಂತ ಬರೆಯುತ್ತೇನೆ. ನಿಮ್ಮ ಹೆಸರು ಬರೆಯುವುದಿಲ್ಲ."

ಒಂದು ಗಳಿಗೆ, ನಾಚಿಕೆಗೆಟ್ಟು, ನನಗೆ ಉಸಿರು ಬಂದ ಹಾಗಾಯಿತು. ಅವರಿಗೆ ಅದು ಕಂಡಿರಬೇಕು.

"ದೊಡ್ಡ ಮನಸ್ಸು ಅಂತ ತಿಳಿಯಬೇಡಿ. ಹೆಸರು ಬರೆದರೆ ವಿಚಾರಣೆ ಆಗ್ತದೆ, ಶಿಕ್ಷೆ ಆಗ್ತದೆ, ನಿಮಗೆ ಮುಗಿದುಹೋಗ್ತದೆ. ನಿಮಗೆ ಮುಗಿಯಬಾರದು" ಎಂದರು. ಬಹುವಚನದಲ್ಲೇ ಹೇಳಿದರು. ಆಮೇಲೆ ತಿಂಡಿ ಡಬ್ಬಿ ತೆಗೆದುಕೊಂಡು ಹೋದರು. ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ.

ನಾನು ಖಾಯಂ ಆದೆ. ಅವರ ಪಾಠ ನನಗೇ ಬಂತು. ಈಗಲೂ ಪೇಟೆಯ ಬಸ್ಸು, ಬೈಪಾಸಿನ ಬಸ್ಸು ಎಂದೇ ಹೇಳಿಕೊಡುತ್ತೇನೆ, ಮಕ್ಕಳು ನಗುತ್ತಾರೆ. ಪ್ರೋಗ್ರಾಂ ಸರಿ ಮಾಡಲು ನನಗೆ ಬೇಕಾದದ್ದು ನಾಲ್ಕು ನಿಮಿಷ.

ಮೊನ್ನೆ ಭಾನುವಾರ ನುಡಿನಮನಕ್ಕೆ ಉಡಲು ಒಂದು ಬಿಳಿ ಸೀರೆ ಬೇಕೆಂದು ಬೆಳ್ತಂಗಡಿಗೆ ಹೋದೆ. ಸುಳ್ಳು. ಸೀರೆ ಬಂಟ್ವಾಳದಲ್ಲೂ ಸಿಗುತ್ತದೆ. ಅವಳು ಅಲ್ಲಿ ಒಂದು ಬಟ್ಟೆಯಂಗಡಿಯಲ್ಲಿದ್ದಾಳೆಂದು ನನಗೆ ಗೊತ್ತಿತ್ತು. ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ವಾಕ್ಯ ಕಟ್ಟುತ್ತ ಹೋಗಿದ್ದೆ. ಅವಳು ನನ್ನನ್ನು ಕಂಡ ಕೂಡಲೇ ಕೌಂಟರಿನ ಹಿಂದಿನಿಂದ ಹೊರಗೆ ಬಂದು ಎರಡೂ ಕೈ ಹಿಡಿದುಕೊಂಡಳು. ಜೊತೆಯ ಹುಡುಗಿಯನ್ನು ಕರೆದು ಹೇಳಿದಳು, "ಇವರೇ ಮಾರಾಯ್ತಿ, ನಾನು ಹೇಳ್ತಿದ್ದೆನಲ್ಲ. ಆ ಮೂರು ದಿನ ಇಡೀ ಕಾಲೇಜಿನಲ್ಲಿ ನನಗೆ ಒಂದು ತೊಟ್ಟು ನೀರು ಕೊಟ್ಟವರು ಇವರೊಬ್ಬರೇ."

ಸ್ಟೂಲು ಎಳೆದು ಕೂರಿಸಿದಳು. ಹತ್ತು ಸೀರೆ ಬಿಡಿಸಿ ತೋರಿಸಿದಳು. ಒಂದನ್ನು ಮಡಚುತ್ತ, ತಲೆ ಎತ್ತದೆ ಕೇಳಿದಳು, "ಆ ಸರ್ ತೀರಿ ಹೋದ್ರಂತೆ ಅಲ್ವಾ ಮೇಡಂ? ಪಾಪ ಅಂತ ಹೇಳ್ಬೇಕು. ನನಗೆ ಬರುವುದಿಲ್ಲ. ನನ್ನ ಜೀವನ ಹಾಳು ಮಾಡಿದ್ದು ಅವರೊಬ್ಬರೇ ಅಲ್ವಾ?"

ಕಟ್ಟಿಕೊಂಡು ಹೋದ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು.

"ಹೌದು" ಎಂದೆ. ಅವಳು ಸೀರೆಯನ್ನು ಕವರಿಗೆ ಹಾಕಿ, ಬಸ್ ಸ್ಟ್ಯಾಂಡಿನವರೆಗೆ ಬಂದು, ನನ್ನನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ ಹೋದಳು.